ಜನಸಂಖ್ಯೆ, ಆರೋಗ್ಯ ಮತ್ತು ಫಲಿತಾಂಶದ ಲೆಕ್ಕ: ಬಾಂಗ್ಲಾದೇಶದ ಅನುಭವ

ಜನಸಂಖ್ಯೆಯ ಹೆಚ್ಚಳವೇ ಬಡತನದ ಮೂಲವೆಂಬ ಮಾತು ವಾಣಿಜ್ಯ ವಲಯದಲ್ಲಿ ಆಗಾಗ್ಗೆ ಕೇಳಿಬರುತ್ತದೆ. ದೇಶ ಶ್ರೀಮಂತವಾದ ನಂತರವೇ ಜನನ ಪ್ರಮಾಣ ಇಳಿಯುತ್ತದೆ ಎಂಬುದು ಒಂದು ವಾದ. ಕಠಿಣ ಕಾನೂನಿಲ್ಲದೆ ಅದು ಇಳಿಯದು ಎಂಬುದು ಮತ್ತೊಂದು. ಈ ಎರಡೂ ವಾದಗಳನ್ನು ಒರೆಗೆ ಹಚ್ಚಲು ನೆರೆಯ ಬಾಂಗ್ಲಾದೇಶ ಉತ್ತಮ ನಿದರ್ಶನವಾಗಿದೆ. ಸಿದ್ಧ ಉಡುಪುಗಳ ರಫ್ತಿನಲ್ಲಿ ಪ್ರಬಲ ಪ್ರತಿಸ್ಪರ್ಧಿಯೆಂದು ನಮ್ಮ ಉದ್ಯಮಿಗಳಿಗೆ ಪರಿಚಿತವಾದ ಈ ರಾಷ್ಟ್ರದ ಆರೋಗ್ಯದ ಲೆಕ್ಕವೂ ಪರಿಶೀಲನಾರ್ಹ.

ಅಂಕಿ-ಅಂಶಗಳ ಸಾಕ್ಷ್ಯ

1971ರಲ್ಲಿ ಸ್ವತಂತ್ರವಾದಾಗ ಸುಮಾರು 7 ಕೋಟಿಯಷ್ಟಿದ್ದ ಅಲ್ಲಿನ ಜನಸಂಖ್ಯೆ 2022ರ ಜನಗಣತಿಯ ವೇಳೆಗೆ ಸುಮಾರು 17 ಕೋಟಿಗೆ ಏರಿತು. ಆದರೆ ಏರಿಕೆಯ ವೇಗ ಗಣನೀಯವಾಗಿ ತಗ್ಗಿತು. 1975ರಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ 6.3 ಮಕ್ಕಳಿದ್ದರೆ, 2011ರ ಸಮೀಕ್ಷೆಯಲ್ಲಿ ಅದು 2.3ಕ್ಕೆ ಇಳಿಯಿತು. ಐದು ವರ್ಷದೊಳಗಿನ ಮಕ್ಕಳ ಮರಣ ಸಾವಿರಕ್ಕೆ 133 ಎಂದು 1993-94ರ ಸಮೀಕ್ಷೆ ದಾಖಲಿಸಿತ್ತು. 2022ರಲ್ಲಿ ಅದು 31. ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವ ಕಡ್ಡಾಯ ಕಾನೂನು ಅಲ್ಲಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಹಣ, ಬಟ್ಟೆ ನೀಡುತ್ತಿದ್ದ ಪದ್ಧತಿ ಮಾತ್ರ ತೀವ್ರ ಟೀಕೆಗೆ ಗುರಿಯಾಯಿತು. ದೇಶ ಶ್ರೀಮಂತವಾಗುವವರೆಗೆ ಕಾಯಬೇಕಾಗಿಯೂ ಬರಲಿಲ್ಲ.

ಉಪ್ಪು, ಬೆಲ್ಲ ಮತ್ತು ಸಂಭಾವನೆ

ವಾಂತಿ-ಭೇದಿಯಿಂದ ದೇಹ ಕಳೆದುಕೊಳ್ಳುವ ನೀರನ್ನು ಲವಣ-ಸಕ್ಕರೆಯ ದ್ರಾವಣ ಕುಡಿಸಿಯೇ ತುಂಬಬಹುದೆಂಬುದು 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದ ಪ್ರಯೋಗಗಳಿಂದ ಸಿದ್ಧವಾಯಿತು. ಇದನ್ನು ಹಳ್ಳಿಯ ಅಡುಗೆಮನೆಗೆ ತಲುಪಿಸಿದ್ದು ಫಜ್ಲೆ ಹಸನ್ ಅಬೇದ್ ಅವರು 1972ರಲ್ಲಿ ಸ್ಥಾಪಿಸಿದ ಬ್ರ್ಯಾಕ್ ಸಂಸ್ಥೆ. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ತೆರಳಿ, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಮತ್ತು ಅರ್ಧ ಸೇರು ನೀರಿನಿಂದ ದ್ರಾವಣ ತಯಾರಿಸುವುದನ್ನು ತಾಯಂದಿರಿಗೆ ಕಲಿಸಿದರು.

ಲೆಕ್ಕಪತ್ರ ಬಲ್ಲವರು ಗಮನಿಸಬೇಕಾದುದು ಇಲ್ಲಿನ ಸಂಭಾವನೆಯ ಕ್ರಮವನ್ನು. ಭೇಟಿ ನೀಡಿದ ಮನೆಗಳ ಸಂಖ್ಯೆಗೆ ಹಣ ಸಲ್ಲುತ್ತಿರಲಿಲ್ಲ. ಕೆಲ ವಾರಗಳ ನಂತರ ಬೇರೊಬ್ಬ ಪರಿಶೀಲಕರು ಆಯ್ದ ಕೆಲವು ಮನೆಗಳಿಗೆ ಹೋಗಿ, ತಾಯಿಗೆ ಎಷ್ಟು ಅಂಶಗಳು ನೆನಪಿವೆ, ದ್ರಾವಣ ಸರಿಯಾಗಿ ತಯಾರಾಗುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಆ ಫಲಿತಾಂಶದ ಮೇಲೆ ಕಾರ್ಯಕರ್ತೆಯ ಸಂಭಾವನೆ ನಿರ್ಧಾರವಾಗುತ್ತಿತ್ತು.

ಮತ್ಲಬ್ ಕಲಿಸಿದ ಪಾಠ

ಅದೇ ಪ್ರಯೋಗಾಲಯವು ಮತ್ಲಬ್ ಪ್ರದೇಶದಲ್ಲಿ 1966ರಿಂದಲೇ ಜನನ-ಮರಣಗಳನ್ನು ಮನೆಮನೆಯಿಂದ ದಾಖಲಿಸುತ್ತಿತ್ತು. 1975ರಲ್ಲಿ ಅಲ್ಲಿ ಗರ್ಭನಿರೋಧಕ ಮಾತ್ರೆ, ನಿರೋಧ್‌ಗಳನ್ನು ಮನೆಬಾಗಿಲಿಗೆ ಹಂಚಲಾಯಿತು. ಮೊದಲಿಗೆ ಏರಿದ ಬಳಕೆ ಬೇಗನೆ ಕುಸಿಯಿತು. ಅಡ್ಡ ಪರಿಣಾಮಗಳಾದಾಗ ವಿಚಾರಿಸುವವರಿರಲಿಲ್ಲ. 1977ರಲ್ಲಿ ಕ್ರಮ ಬದಲಾಯಿತು. ತರಬೇತಿ ಪಡೆದ ಸ್ಥಳೀಯ ಮಹಿಳೆಯರು ಹದಿನೈದು ದಿನಕ್ಕೊಮ್ಮೆ ಮನೆಗಳಿಗೆ ಬಂದು, ಹಲವು ವಿಧಾನಗಳನ್ನು ತಿಳಿಸಿ, ತೊಂದರೆಗಳನ್ನು ಆಲಿಸತೊಡಗಿದರು. ಎರಡು ವರ್ಷಗಳೊಳಗೆ ಸುಮಾರು ಮೂರನೇ ಒಂದು ಭಾಗದಷ್ಟು ದಂಪತಿಗಳು ಗರ್ಭನಿರೋಧಕಗಳನ್ನು ಬಳಸತೊಡಗಿದರು. ಸರಕು ವಿತರಿಸುವುದು ಬೇರೆ, ಸೇವೆ ಒದಗಿಸುವುದು ಬೇರೆ ಎಂಬುದಕ್ಕೆ ವರ್ತಕರಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಈ ಎರಡೂ ಪ್ರಯತ್ನಗಳ ನಡುವೆ ನಿಕಟ ಸಂಬಂಧವಿದೆ. ಹುಟ್ಟಿದ ಮಗು ಉಳಿಯುತ್ತದೆಂಬ ಭರವಸೆ ಮೂಡಿದ ಮನೆಯಲ್ಲಿ, ಒಂದು ಹೋದರೆ ಇನ್ನೊಂದಿರಲಿ ಎಂದು ಹೆಚ್ಚು ಮಕ್ಕಳನ್ನು ಪಡೆಯುವ ಅಗತ್ಯ ಕಡಿಮೆಯಾಗುತ್ತದೆ.

ಲೆಕ್ಕಕ್ಕೆ ಬಾರದ ಹೊಣೆ

ಇದೇ ದೇಶ ಇನ್ನೊಂದೆಡೆ ಭಾರಿ ಬೆಲೆ ತೆತ್ತಿತು. ಕೆರೆ-ಕುಂಟೆಗಳ ಕಲುಷಿತ ನೀರನ್ನು ತಪ್ಪಿಸಲು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆ ಬಾವಿಗಳನ್ನು ಹಾಕಲಾಯಿತು. ಬಾವಿಗಳ ಎಣಿಕೆ ಆಯಿತು. ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂಬ ಪರೀಕ್ಷೆ ಆಗಲಿಲ್ಲ. 1993ರಲ್ಲಿ ವಿಷಾಂಶ ದೃಢಪಟ್ಟಾಗ, ಕೋಟ್ಯಂತರ ಜನ ವರ್ಷಗಳಿಂದ ಆ ನೀರನ್ನೇ ಕುಡಿಯುತ್ತಿದ್ದರೆಂಬುದು ಬೆಳಕಿಗೆ ಬಂತು.

ಉಳಿದ ಬಾಕಿಯೂ ಕಡಿಮೆಯಿಲ್ಲ. 2011ರ 2.3ರ ಸರಾಸರಿ 2022ರ ಸಮೀಕ್ಷೆಯಲ್ಲೂ ಹಾಗೆಯೇ ಇತ್ತು. 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 18 ತುಂಬುವ ಮೊದಲೇ ವಿವಾಹವಾಗಿತ್ತು.

ಉದ್ಯಮಿಗಳಿಗೆ ಅನ್ವಯ

ಬಾಂಗ್ಲಾದೇಶದ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಬಾಲ್ಯದಲ್ಲಿ ಬದುಕುಳಿದ ಹೆಣ್ಣುಮಗು ಮತ್ತು ಹೆರಿಗೆಗಳ ನಡುವೆ ಬಿಡುವು ಪಡೆದ ತಾಯಿ ಇಲ್ಲದಿದ್ದರೆ ಈ ಕಾರ್ಮಿಕ ಶಕ್ತಿ ಇಷ್ಟು ದೊಡ್ಡದಾಗಿ ಬೆಳೆಯುತ್ತಿರಲಿಲ್ಲ. ಆದ್ದರಿಂದ ಆರೋಗ್ಯದ ಮೇಲಿನ ವೆಚ್ಚವು ಸ್ವರೂಪದಲ್ಲಿ ಬಂಡವಾಳವೇ ಸರಿ. ಅದರ ಪ್ರತಿಫಲ ಬರುವುದು ಮಾತ್ರ ತಡವಾಗಿ.

ಕಾರ್ಖಾನೆಯಲ್ಲಿ ಆರೋಗ್ಯ ಶಿಬಿರ ನಡೆಸುವ, ಕುಡಿಯುವ ನೀರಿನ ಘಟಕ ಅಳವಡಿಸುವ ಮಾಲೀಕರು ಖರ್ಚಿನ ರಸೀದಿಯೊಂದಿಗೆ ಕಡತ ಮುಚ್ಚಬಾರದು. ಶಿಬಿರದಲ್ಲಿ ರಕ್ತಹೀನತೆ ಪತ್ತೆಯಾದವರಲ್ಲಿ ಆರು ತಿಂಗಳ ನಂತರ ಎಷ್ಟು ಮಂದಿ ಚೇತರಿಸಿಕೊಂಡರು, ನೀರಿನ ಪರೀಕ್ಷೆ ಕೊನೆಯ ಬಾರಿ ನಡೆದದ್ದು ಎಂದು, ಅನಾರೋಗ್ಯದ ಗೈರುಹಾಜರಿ ಕಡಿಮೆಯಾಯಿತೇ ಎಂಬ ಪ್ರಶ್ನೆಗಳಿಗೂ ಅದೇ ಕಡತದಲ್ಲಿ ಉತ್ತರ ದಾಖಲಾಗಬೇಕು. ಖರ್ಚನ್ನಷ್ಟೇ ಎಣಿಸಿದ ಕೊಳವೆ ಬಾವಿಗಳಿಂದ ವಿಷ ಬಂದಿತು. ಫಲಿತಾಂಶವನ್ನು ಎಣಿಸಿದ ಉಪ್ಪು-ಬೆಲ್ಲದ ಯೋಜನೆ ಮಕ್ಕಳ ಜೀವ ಉಳಿಸಿತು.