ಬೇಸಿಗೆಯಲ್ಲಿ ಕೂಸಿನ ಮನೆ: ಮಗುವಿನ ದಿನಚರಿ ಮತ್ತು ಮನೆಯ ಸುದ್ದಿ



ಏಪ್ರಿಲ್ ಮತ್ತು ಮೇ ತಿಂಗಳುಗಳು ನಮ್ಮ ಜಿಲ್ಲೆಯಲ್ಲಿ ಉದ್ಯೋಗ ಖಾತರಿ ಕಾಮಗಾರಿಗಳು ಬಿರುಸಾಗಿ ನಡೆಯುವ ಕಾಲ. ಕೆರೆಯ ಹೂಳೆತ್ತುವುದು, ಬದು ನಿರ್ಮಾಣ, ಕೃಷಿ ಹೊಂಡ ಮುಂತಾದವು ಮಳೆ ಆರಂಭವಾಗುವ ಮೊದಲೇ ಮುಗಿಯಬೇಕು. ಇದೇ ಅವಧಿಯಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳು, ಕೋಲಾರ ಮತ್ತು ಮುಳಬಾಗಿಲಿನ ಟೊಮೆಟೊ ತೋಟಗಳು, ಮಾಲೂರಿನ ಇಟ್ಟಿಗೆ ಗೂಡುಗಳು ಸಹ ಕೂಲಿಕಾರರನ್ನು ಬೇಡುತ್ತವೆ. ತಾಯಿ ಕೆಲಸಕ್ಕೆ ಹೊರಟಾಗ ಒಂದೂವರೆ ವರ್ಷದ ಮಗು ಎಲ್ಲಿರಬೇಕು ಎಂಬ ಪ್ರಶ್ನೆಗೆ ಪಂಚಾಯಿತಿ ನೀಡುವ ಉತ್ತರವೇ ಕೂಸಿನ ಮನೆ. ಬೇಸಿಗೆಯಲ್ಲಿ ಅದು ಹೇಗೆ ನಡೆಯಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕೂಸಿನ ಮನೆ ಏಕೆ?

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅವುಗಳಲ್ಲಿ ಒಂದು. ಅಂದಿನಿಂದ ಅಂಗನವಾಡಿ ನಮ್ಮ ಹಳ್ಳಿಗಳ ಭಾಗವಾಗಿದೆ. ಆದರೆ ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ 3ರಿಂದ 6 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದಕ್ಕಿಂತ ಚಿಕ್ಕ ಮಗುವಿಗೆ ಆಹಾರ, ಲಸಿಕೆ ದೊರೆತರೂ ದಿನವಿಡೀ ನೋಡಿಕೊಳ್ಳುವವರು ಇರಲಿಲ್ಲ. ಈ ಕೊರತೆಯನ್ನು ತುಂಬಲು ರಾಜ್ಯ ಸರ್ಕಾರವು 2023-24ನೇ ಸಾಲಿನ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಘೋಷಿಸಿತು. ಜಾಬ್ ಕಾರ್ಡ್ ಹೊಂದಿರುವ ಸ್ಥಳೀಯ ಮಹಿಳೆಯರೇ ತರಬೇತಿ ಪಡೆದು ಇಲ್ಲಿ ಆರೈಕೆದಾರರಾಗಿರುತ್ತಾರೆ.

ಈ ಚಿಂತನೆ ಹೊಸದಲ್ಲ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧೀ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುತ್ತಿದ್ದಾಗ, ಕೂಲಿಕಾರರ ಕೂಸುಗಳು ಬಿಸಿಲಿನಲ್ಲಿ ಮಲಗಿದ್ದುದನ್ನು ಕಂಡ ಮೀರಾ ಮಹಾದೇವನ್ ಅವರು ಕೆಲಸದ ಸ್ಥಳದಲ್ಲಿಯೇ ಶಿಶುಪಾಲನಾ ಕೇಂದ್ರ ತೆರೆದರು. ಅದೇ ಮೊಬೈಲ್ ಕ್ರೆಶ್ ಸಂಸ್ಥೆಯಾಗಿ ಬೆಳೆಯಿತು. ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲೂ, ಕೆಲಸದ ಸ್ಥಳಕ್ಕೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನಿಯೋಜಿಸಿ ಕೂಲಿ ಪಾವತಿಸಬೇಕೆಂದು ಹೇಳಲಾಗಿತ್ತು.

ಬೀಗ ತೆಗೆಯುವ ಹೊತ್ತು

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ನಾನು ಕಾರ್ಯನಿರ್ವಹಿಸಿದ ಒಂದು ಗ್ರಾಮ ಪಂಚಾಯಿತಿಯಲ್ಲಿ ಕೂಸಿನ ಮನೆಯನ್ನು ಸಜ್ಜುಗೊಳಿಸುವಾಗ ಕಿಟಕಿಯ ಅಳತೆ, ನೆಲದ ಇಳಿಜಾರು, ಶೌಚಾಲಯದ ಎತ್ತರ ಎಲ್ಲವನ್ನೂ ಎಂಜಿನಿಯರ್‌ ಕಣ್ಣಿನಿಂದ ಪರಿಶೀಲಿಸಿದ್ದೆ. ಗೋಡೆಗೆ ಬಣ್ಣ ಬಂದಿತು, ಆಟಿಕೆಗಳು ಬಂದವು. ಮಕ್ಕಳು ಮಾತ್ರ ಬರಲಿಲ್ಲ. ಕಾರಣ ಕೇಳಲು ಕೆರೆಯ ಕಾಮಗಾರಿ ಸ್ಥಳಕ್ಕೆ ಹೋದಾಗ ಒಬ್ಬ ತಾಯಿ ನಗುತ್ತಲೇ ಹೇಳಿದರು: "ಸಾರ್, ನೀವು ಬೀಗ ತೆಗೆಯೋ ಹೊತ್ತಿಗೆ ನಾವು ಅರ್ಧ ಗುಂಡಿ ತೋಡಿರ್ತೀವಿ."

ಬಿಸಿಲಿಗೆ ಮುನ್ನ ಕೆಲಸ ಮುಗಿಸಲು ಅವರು ಬೆಳಿಗ್ಗೆ 7 ಗಂಟೆಗೆ ಮನೆ ಬಿಡುತ್ತಿದ್ದರು. ಕೂಸಿನ ಮನೆ ತೆರೆಯುತ್ತಿದ್ದುದು ಕಚೇರಿಯ ವೇಳೆಗೆ. ಆ ತಾಯಿಯ ಕೂಸನ್ನು ಹತ್ತು ವರ್ಷದ ಅಕ್ಕ ಮನೆಯಲ್ಲಿ ನೋಡಿಕೊಳ್ಳುತ್ತಿದ್ದಳು. ನಮ್ಮದೇ ಗ್ರಂಥಾಲಯದಲ್ಲಿ ನಡೆಯುತ್ತಿದ್ದ ಬೇಸಿಗೆ ಶಿಬಿರಕ್ಕೆ ಆ ಬಾಲಕಿ ಒಂದು ದಿನವೂ ಬಂದಿರಲಿಲ್ಲ. ವೇಳೆಯನ್ನು ಬದಲಿಸಿದ ವಾರದಲ್ಲಿಯೇ ಕೂಸು ಕೂಸಿನ ಮನೆಗೆ ಬಂದಿತು, ಅಕ್ಕ ಶಿಬಿರಕ್ಕೆ ಬಂದಳು.

ಲೆಕ್ಕವೂ ಸರಳವಾಗಿದೆ. 2025-26ನೇ ಸಾಲಿನಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂ. ಇತ್ತು. ಆ ದರದಲ್ಲಿ, ಮಗುವಿನ ಕಾರಣಕ್ಕೆ ತಾಯಿ ಆರು ದಿನ ಮನೆಯಲ್ಲಿ ಉಳಿದರೆ ಆ ಕುಟುಂಬಕ್ಕೆ 2,220 ರೂ. ನಷ್ಟ. ತಾಯಿ ಕೆಲಸಕ್ಕೆ ಹೋಗಿ ಅಕ್ಕ ಮನೆಯಲ್ಲಿ ಉಳಿದರೆ ಆಗುವ ನಷ್ಟವನ್ನು ಯಾವ ಎನ್‌ಎಂಆರ್‌ನಲ್ಲಿಯೂ ನಮೂದಿಸಲಾಗದು.

ಬೇಸಿಗೆಯ ದಿನಚರಿ

ಮೂರು ವರ್ಷದೊಳಗಿನ ಮಕ್ಕಳಿಗೆ ಶಿಬಿರ, ಸ್ಪರ್ಧೆ, ವೇದಿಕೆ ಬೇಕಿಲ್ಲ. ಅವರಿಗೆ ಬೇಕಾದುದು ನೆರಳು, ನೀರು, ನಿದ್ರೆ, ಆಟ ಮತ್ತು ಮಾತನಾಡಿಸುವ ಒಬ್ಬ ಪರಿಚಿತ ವ್ಯಕ್ತಿ.

ಹೊರಾಂಗಣದ ಆಟವನ್ನು ಬೆಳಿಗ್ಗೆ 10 ಗಂಟೆಯೊಳಗೆ ಮುಗಿಸುವುದು ಸೂಕ್ತ. ಹೊಂಗೆಯ ನೆರಳಿನಲ್ಲಿ ಮರಳಾಟ, ತೆಂಗಿನ ಗರಿಯ ಗಿರಗಿಟ್ಟಲೆ, ಎಲೆಗಳನ್ನು ದೊಡ್ಡದು ಚಿಕ್ಕದೆಂದು ವಿಂಗಡಿಸುವುದು, ಮಾವಿನಕಾಯಿಯನ್ನು ಮುಟ್ಟಿ ಮೂಸಿ ಹೆಸರು ಹೇಳುವುದು ಇವೆಲ್ಲ ಖರ್ಚಿಲ್ಲದ ಚಟುವಟಿಕೆಗಳು. ನಮ್ಮ ತಾಲ್ಲೂಕುಗಳಲ್ಲಿ ಅನೇಕ ಮನೆಗಳ ಮಾತು ತೆಲುಗು. ಮಗು ಮನೆಯಲ್ಲಿ ಕೇಳಿದ ಭಾಷೆಯಲ್ಲಿಯೇ ಮೊದಲು ಮಾತನಾಡಲಿ. ಕನ್ನಡ ಅದರ ಜೊತೆಯಲ್ಲಿ ತಾನಾಗಿ ಬರುತ್ತದೆ.

ಆಟದ ವಸ್ತುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹುಣಸೆ ಬೀಜ, ಕಡಲೆಕಾಯಿ ಬೀಜ, ಗುಂಡಿಗಳು ಈ ವಯಸ್ಸಿನ ಮಕ್ಕಳ ಗಂಟಲಿಗೆ ಸಿಲುಕಬಹುದು. ಚೌಕಾಬಾರದ ಹುಣಸೆ ಬೀಜ ದೊಡ್ಡವರ ಆಟಕ್ಕೆ ಇರಲಿ, ಕೂಸಿನ ಮನೆಯ ಒಳಗೆ ಬೇಡ. ನೀರಾಟದ ನಂತರ ಬಕೆಟ್, ಟಬ್ಬುಗಳನ್ನು ಕೂಡಲೇ ಬರಿದು ಮಾಡಿ ಮಗುಚಿಡಬೇಕು. ಕೆಲವೇ ಅಂಗುಲ ನೀರಿನಲ್ಲಿಯೂ ಪುಟ್ಟ ಮಗು ಮುಳುಗಬಹುದು.

ಕಟ್ಟಡಕ್ಕೆ ತಗಡಿನ ಚಾವಣಿ ಇದ್ದಲ್ಲಿ ಮೇಲೆ ಬಿಳಿ ಸುಣ್ಣ ಬಳಿಯುವುದರಿಂದ ಬಿಸಿಲು ಪ್ರತಿಫಲಿಸಿ ಒಳಗಿನ ಶಾಖ ಕಡಿಮೆಯಾಗುತ್ತದೆ. ಎದುರುಬದುರಾದ ಕಿಟಕಿಗಳನ್ನು ತೆರೆದಿಟ್ಟರೆ ಗಾಳಿ ಹರಿಯುತ್ತದೆ.

ಕುಡಿಯುವ ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆ ಫ್ಲೋರೈಡ್ ಬಾಧಿತ ಎಂಬುದನ್ನು ಮರೆಯುವಂತಿಲ್ಲ. ಫ್ಲೋರೈಡ್ ಅಂಶದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನೀರನ್ನು ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕೂಸಿನ ಮನೆಗೆ ಬಳಸಬಾರದು.

ಮನೆಯ ಸುದ್ದಿ ಏಕೆ ಬೇಕು?

ಅದೇ ಕೂಸಿನ ಮನೆಯಲ್ಲಿ ಒಂದು ಮಗು ಸತತ ಮೂರು ದಿನ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ "ಗೈರು" ಎಂದು ಮೂರು ಬಾರಿ ಬರೆದಿತ್ತು, ಅಷ್ಟೇ. ನಾಲ್ಕನೆಯ ದಿನ ಆರೈಕೆದಾರರೊಬ್ಬರು ತಾವಾಗಿಯೇ ಮನೆಗೆ ಹೋಗಿ ನೋಡಿದರು. ಮಗುವಿಗೆ ಭೇದಿಯಾಗಿ ಕಣ್ಣು ಗುಳಿ ಬಿದ್ದಿದ್ದವು. ತಂದೆ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು. ಅಜ್ಜಿಗೆ ಕಣ್ಣು ಮಂದ. ಮಗುವನ್ನು ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲಾಯಿತು, ಮಗು ಉಳಿಯಿತು. ಆ ಸಂಜೆ ನಾವು ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಟ್ಟೆವು. ಅದಕ್ಕೆ "ಮನೆಯ ಸುದ್ದಿ" ಎಂದು ಹೆಸರಿಟ್ಟೆವು.

ಬೆಳಿಗ್ಗೆ ಮಗುವನ್ನು ಬಿಡಲು ಬಂದವರನ್ನು ಬಾಗಿಲಲ್ಲಿಯೇ ಐದು ಪ್ರಶ್ನೆ ಕೇಳಿದರೆ ಸಾಕು. ರಾತ್ರಿ ಮಗು ನಿದ್ರಿಸಿತೇ? ಏನು ತಿಂದಿತು? ಜ್ವರ, ವಾಂತಿ, ಭೇದಿ ಇದೆಯೇ? ಸಂಜೆ ಕರೆದೊಯ್ಯಲು ಯಾರು ಬರುತ್ತಾರೆ? ಮನೆಯಲ್ಲಿ ಏನಾದರೂ ಬದಲಾವಣೆ ಆಗಿದೆಯೇ? ಹೊಸ ಕೂಸು ಹುಟ್ಟಿದೆ, ಅಪ್ಪ ಊರಿಗೆ ಹೋಗಿದ್ದಾರೆ, ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಎಂಬಂತಹ ಸುದ್ದಿ ತಿಳಿದಿದ್ದರೆ, ಊಟ ಬಿಟ್ಟು ಅಳುವ ಮಗುವನ್ನು ಹಟಮಾರಿ ಎಂದು ಗದರಿಸುವ ಪ್ರಮೇಯ ಬರುವುದಿಲ್ಲ. ಸಂಜೆ ಕೂಸಿನ ಮನೆಯ ಸುದ್ದಿಯೂ ಮನೆಗೆ ಹೋಗಬೇಕು: ಎಷ್ಟು ಉಂಡಿತು, ಎಷ್ಟು ಹೊತ್ತು ಮಲಗಿತು, ಯಾವ ಹೊಸ ಮಾತು ಆಡಿತು. ಇಡೀ ದಿನ ಮಣ್ಣು ಹೊತ್ತ ತಾಯಿಗೆ ತನ್ನ ಮಗುವಿನ ದಿನವನ್ನು ತಿಳಿಯುವ ಹಕ್ಕಿದೆ.

ಭೇದಿ ಕಂಡುಬಂದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಓಆರ್‌ಎಸ್‌ನ ಪೂರ್ಣ ಪೊಟ್ಟಣವನ್ನು ಬೆರೆಸಿ ಆಗಾಗ್ಗೆ ಕುಡಿಸಬೇಕು. ಬೆರೆಸಿದ ದ್ರಾವಣವನ್ನು 24 ಗಂಟೆಗಳ ನಂತರ ಬಳಸಬಾರದು. ಎದೆಹಾಲನ್ನು ನಿಲ್ಲಿಸಬಾರದು. ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಅಂದೇ ತಿಳಿಸಬೇಕು.

ಮನೆಯ ಸುದ್ದಿ ಊರಿನ ಸುದ್ದಿಯಾಗಬಾರದು. ಆ ಪುಸ್ತಕ ಬೀರುವಿನಲ್ಲಿರಲಿ. ಮಕ್ಕಳ ಭಾವಚಿತ್ರಗಳನ್ನು ಪೋಷಕರ ಒಪ್ಪಿಗೆ ಇಲ್ಲದೆ ವಾಟ್ಸಾಪ್ ಗುಂಪುಗಳಿಗೆ ಹಾಕುವುದು ಬೇಡ.

ಸದಸ್ಯರು ಮಾಡಬಹುದಾದುದು

1. ಕಾಮಗಾರಿ ಆರಂಭವಾಗುವ ವೇಳೆಗೆ ಅರ್ಧ ಗಂಟೆ ಮೊದಲು ಕೂಸಿನ ಮನೆ ತೆರೆಯುವಂತೆ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ವೇಳೆ ನಿಗದಿಪಡಿಸುವುದು.

2. ನೀರಿನ ಪರೀಕ್ಷಾ ವರದಿಯನ್ನು ಸಭೆಯಲ್ಲಿ ಓದಿಸುವುದು.

3. ಆರೈಕೆದಾರರ ಕೂಲಿ ವಿಳಂಬವಿಲ್ಲದೆ ಪಾವತಿಯಾಗಿದೆಯೇ ಎಂದು ಪ್ರತಿ ತಿಂಗಳು ಕೇಳುವುದು.

4. ತಮ್ಮ ವಾರ್ಡಿನ ತೆರೆದ ಸಂಪು, ಬೇಲಿ ಇಲ್ಲದ ಕೃಷಿ ಹೊಂಡ, ಮುಚ್ಚದ ಕೊಳವೆಬಾವಿಗಳನ್ನು ಪಟ್ಟಿ ಮಾಡುವುದು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುದೀರ್ಘ ಕಾರ್ಯಾಚರಣೆಯಿಂದ ಜೀವಂತವಾಗಿ ಹೊರತೆಗೆಯಲಾಯಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ. ಬತ್ತಿದ ಕೊಳವೆಬಾವಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

5. ತಿಂಗಳಿಗೊಮ್ಮೆ ಮುಂಚಿತವಾಗಿ ತಿಳಿಸದೆ ಕೂಸಿನ ಮನೆಗೆ ಭೇಟಿ ನೀಡಿ, ನೆಲದ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳುವುದು. ಕುರ್ಚಿಯಿಂದ ಕಾಣದ ಅನೇಕ ಸಂಗತಿಗಳು ಅಲ್ಲಿಂದ ಕಾಣುತ್ತವೆ.

ಕಟ್ಟಡದ ಗುಣಮಟ್ಟವನ್ನು ಅಳೆಯಲು ನಮ್ಮಲ್ಲಿ ಅಳತೆ ಪುಸ್ತಕವಿದೆ. ಕೂಸಿನ ಮನೆಯ ಗುಣಮಟ್ಟವನ್ನು ತಿಳಿಯಲು, ಬೆಳಿಗ್ಗೆ ತಾಯಿ ಹಿಂದಿರುಗಿ ನೋಡದೆ ಕೆಲಸಕ್ಕೆ ಹೋಗುತ್ತಾಳೆಯೇ ಎಂಬುದನ್ನು ಗಮನಿಸಿದರೆ ಸಾಕು. ಈ ಬೇಸಿಗೆಯಲ್ಲಿ ತಮ್ಮ ಪಂಚಾಯಿತಿಯ ಕೂಸಿನ ಮನೆಯ ಬಾಗಿಲಲ್ಲಿ ಒಂದು ಬೆಳಿಗ್ಗೆ ನಿಂತು ನೋಡಬೇಕೆಂದು ಎಲ್ಲ ಸದಸ್ಯರಲ್ಲಿ ವಿನಂತಿಸುತ್ತೇನೆ.