ಸುಳ್ಳು ಲೆಕ್ಕ ಹೇಳಿ ನಿಜ ಹೊರಡಿಸುವ ಸರ್ವರ್

‘ಒಂದು ಫೈಲ್ ಸರ್ವರ್ ಕೆಟ್ಟರೆ ಪಕ್ಕದ್ದು ಕೂಡಲೇ ಅದರ ಕೆಲಸ ವಹಿಸಿಕೊಳ್ಳುತ್ತದಂತೆ. ಆದರೂ ಕಚೇರಿಯ ಕಂಪ್ಯೂಟರುಗಳು ನಿಮಿಷಗಟ್ಟಲೆ ಗರ ಬಡಿದಂತೆ ನಿಲ್ಲುವುದೇಕೆ?’ ಇದು ಓದುಗರೊಬ್ಬರ ಪ್ರಶ್ನೆ.

ವಹಿಸಿಕೊಳ್ಳುವುದು ಸುಲಭ. ಬದಲಿ ಸರ್ವರ್ ಸತ್ತದ್ದರ ಐಪಿ ವಿಳಾಸವನ್ನು ತಾನು ಪಡೆದು, ‘ಇನ್ನು ಈ ವಿಳಾಸ ನನ್ನದು’ ಎಂದು ನೆಟ್‌ವರ್ಕಿಗೆ ಸಾರುತ್ತದೆ. ತೊಡಕಿರುವುದು ಈಚೆ ಕಡೆ. ನಿಮ್ಮ ಕಂಪ್ಯೂಟರಿಗೆ ಸಾವಿನ ಸುದ್ದಿಯೇ ಮುಟ್ಟಿರುವುದಿಲ್ಲ. ಹಳೆಯ ಟಿಸಿಪಿ ಸಂಪರ್ಕವನ್ನೇ ನಂಬಿ ಕೂತಿರುತ್ತದೆ. ಕೋರಿಕೆ ತಲುಪದಿದ್ದರೆ ಮತ್ತೆ ಕಳಿಸುತ್ತದೆ, ಆದರೆ ಸಲದಿಂದ ಸಲಕ್ಕೆ ಬಿಡುವು ಇಮ್ಮಡಿಯಾಗುತ್ತದೆ. ಕೋರಿಕೆ ತಲುಪಿ ಉತ್ತರವಷ್ಟೇ ಬಾಕಿಯಿದ್ದರೆ ಇನ್ನೂ ಕಷ್ಟ. ‘ಇದ್ದೀಯಾ?’ ಎಂದು ವಿಚಾರಿಸುವ ಕೀಪ್‌ಅಲೈವ್ ಸಂದೇಶವನ್ನು, ಯಾರೂ ಬದಲಿಸದ ಹೊರತು, ಎರಡು ಗಂಟೆಯೊಳಗೆ ಕಳಿಸಕೂಡದೆಂಬುದು 1989ರ ಇಂಟರ್ನೆಟ್ ನಿಯಮ!

ಹೊಸ ಸರ್ವರೇ ‘ಸಂಪರ್ಕ ಮುಗಿಯಿತು’ ಎಂಬ ರೀಸೆಟ್ ಕಳಿಸಬಾರದೆ? ಕಳಿಸಿದರೂ ಪ್ರಯೋಜನವಿಲ್ಲ. ಟಿಸಿಪಿಯಲ್ಲಿ ಪ್ರತಿ ಬೈಟಿಗೂ ಕ್ರಮಸಂಖ್ಯೆಯಿದೆ. ಸಂಖ್ಯೆ ತಾಳೆಯಾಗದ ರೀಸೆಟ್ಟನ್ನು ಕಂಪ್ಯೂಟರ್ ಕಡೆಗಣಿಸುತ್ತದೆ. ಆ ಸಂಖ್ಯೆಯೋ ಸತ್ತ ಸರ್ವರಿನ ಜೊತೆಗೇ ಹೋಗಿದೆ.

ಸಾಂಬಾ ಎಂಬ ಫೈಲ್ ಸರ್ವರುಗಳನ್ನು ಗುಂಪಾಗಿ ನಡೆಸುವ ಸಿಟಿಡಿಬಿ ತಂತ್ರಾಂಶದಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ: ‘ಟಿಕಲ್ ಆಕ್’. ಕಿರಾಣಿ ಅಂಗಡಿಯ ಯಜಮಾನ ಹಾಸಿಗೆ ಹಿಡಿದು, ತಮ್ಮ ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದಾನೆ ಎನ್ನಿ. ಸಾಲದ ಪುಸ್ತಕ ಕಾಣೆ. ಗಿರಾಕಿಗಳ ಹೆಸರಷ್ಟೇ ಗೊತ್ತು. ‘ಲೆಕ್ಕ ಎಷ್ಟಿತ್ತು?’ ಎಂದು ಕೇಳುವ ಪದ್ಧತಿ ಈ ಊರಲ್ಲಿಲ್ಲ. ಬೇಕೆಂದೇ ‘ನಿಮ್ಮದು ಸೊನ್ನೆ ಅಲ್ವಾ?’ ಅನ್ನುತ್ತಾನೆ. ಗಿರಾಕಿ ಪ್ರಾಮಾಣಿಕ: ‘ಇಲ್ಲಪ್ಪ, ಮುನ್ನೂರ ನಲವತ್ತು.’ ತಕ್ಷಣ ತಮ್ಮ: ‘ಆ ಮುನ್ನೂರ ನಲವತ್ತರ ಲೆಕ್ಕ ಮುಗಿಯಿತು, ಹೊಸದಾಗಿ ಬರೆಯೋಣ.’ ಸರಿಯಾದ ಅಂಕಿ ಕಿವಿಗೆ ಬಿದ್ದದ್ದರಿಂದ ಗಿರಾಕಿ ಒಪ್ಪುತ್ತಾನೆ.

ಇಲ್ಲಿ ನಡೆಯುವುದೂ ಅದೇ. ಯಾರ್ಯಾರ ಸಂಪರ್ಕವಿದೆ ಎಂಬ ಪಟ್ಟಿಯನ್ನು ಸರ್ವರುಗಳು ಮೊದಲೇ ಹಂಚಿಕೊಂಡಿರುತ್ತವೆ. ಹೊಸ ಸರ್ವರ್ ಸೊನ್ನೆ ಸಂಖ್ಯೆಯ ಪ್ಯಾಕೆಟ್ ಎಸೆಯುತ್ತದೆ. ಕಂಪ್ಯೂಟರ್ ತಿದ್ದಿ ನಿಜಸಂಖ್ಯೆ ಕಳಿಸುತ್ತದೆ. ಅದೇ ಸಂಖ್ಯೆ ಹೊತ್ತ ರೀಸೆಟ್ ಮರಳುತ್ತದೆ. ಮರುಕ್ಷಣ ಹೊಸ ಸಂಪರ್ಕ. ಹೊಸ ನಿಯಮ ಒಂದೂ ಬೇಕಾಗಿಲ್ಲ. 1981ರ ಟಿಸಿಪಿ ನಿಯಮಗಳೇ ಸಾಕಾದವು.

ಹಾಗೆಂದು ‘ಅಡಚಣೆ ಶೂನ್ಯ’ ಎಂಬ ಜಾಹೀರಾತನ್ನು ನಂಬಬೇಡಿ. ಸಂಪರ್ಕ ಮರಳಿದರೂ ತೆರೆದಿದ್ದ ಫೈಲು, ಬೇರೆಯವರು ತಿದ್ದದಂತೆ ಅದಕ್ಕೆ ಹಾಕಿದ್ದ ಬೀಗ ತಾವಾಗಿ ಮರಳುವುದಿಲ್ಲ. ಲಿನಕ್ಸಿನ ಎನ್‌ಎಫ್‌ಎಸ್ ಸರ್ವರ್, ಹಳಬರು ತಮ್ಮ ಬೀಗಗಳನ್ನು ಮರಳಿ ಕೇಳಲೆಂದು, ಶುರುವಾದ ಮೇಲೆ ಸಾಮಾನ್ಯವಾಗಿ 90 ಸೆಕೆಂಡು ಹೊಸ ಬೀಗಗಳಿಗೆ ಅವಕಾಶವನ್ನೇ ಕೊಡುವುದಿಲ್ಲ. ಮಾರಲು ಬಂದವರನ್ನು ‘ಬದಲಿ ಸರ್ವರ್ ಎಷ್ಟು ಬೇಗ ಏಳುತ್ತದೆ?’ ಎಂದಷ್ಟೇ ಕೇಳಿ ಬಿಡಬೇಡಿ. ‘ಅರ್ಧ ಬರೆದ ಫೈಲಿನ ಗತಿಯೇನು?’ ಎಂದೂ ಕೇಳಿ.