ಕಳೆಯುವ ಲೆಕ್ಕವು ಕೈಯಿಂದ ಮನಸ್ಸಿಗೆ

ಕೂಡಿಸುವಾಗ ನಲಿಯುವ ಶಿಶುವು ವ್ಯವಕಲನವೆಂದೊಡನೆ ಅಳುಕುವುದೇಕೆ? ಕಳೆದುದು ಕಣ್ಣಿಗೆ ಕಾಣದು. ಬರಿಯ ಬಾಯಿಪಾಠವು ಮನಸ್ಸಿಗೆ ಹತ್ತದು. ಗಣಿತದ ಭಯವು ಮೊಳೆಯುವುದು ಇಲ್ಲಿಯೇ.

1939ರಲ್ಲಿ ಭಾರತಕ್ಕೆ ಬಂದ ಇಟಲಿಯ ವಿದುಷಿ ಮಾರಿಯಾ ಮಾಂಟೆಸೊರಿಯವರ ಪದ್ಧತಿಯಲ್ಲಿ ಇದಕ್ಕೊಂದು ಹಲಗೆಯುಂಟು. ಅದರ ಮೇಲಂಚಿನಲ್ಲಿ 1ರಿಂದ 18ರವರೆಗೆ ಅಂಕಿಗಳು. 13ರಲ್ಲಿ 5 ಕಳೆಯಬೇಕಾದರೆ, 14ರಿಂದ ಮುಂದಿನ ಅಂಕಿಗಳನ್ನು ಬಣ್ಣವಿಲ್ಲದ ಪಟ್ಟಿಯಿಂದ ಮುಚ್ಚಿ, ಅದರ ಎಡಕ್ಕೆ ಐದು ಮನೆಯುದ್ದದ ನೀಲಿ ಪಟ್ಟಿಯನ್ನಿಡುವುದು. ಮುಚ್ಚದೆ ಉಳಿದ ಕಡೆಯ ಅಂಕಿ 8, ಅದೇ ಶೇಷ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗೃಹಸ್ಥರು ಹಲಗೆಯಿಲ್ಲವೆಂದು ಚಿಂತಿಸಬೇಕಾಗಿಲ್ಲ. ರಟ್ಟಿನ ಪಟ್ಟಿಗಳು ಸಾಕು. ಹುಣಸೆಬೀಜಗಳೂ ಇಂಡಿಯ ನಿಂಬೆಹಣ್ಣುಗಳೂ ಎಣಿಕೆಗೆ ಒದಗುವುವು. ತಪ್ಪಿದಾಗ ಗದರಿಸದಿರಿ, ಮಗುವೇ ಪಟ್ಟಿಯನ್ನೆತ್ತಿ ಎಣಿಸಿ ತಿದ್ದಿಕೊಳ್ಳಲಿ. ಹಾಗೆ ಕಂಡುಕೊಂಡ ಉತ್ತರವು ಮರೆಯದು.